ಅಪ್ಪ ಮೇಲೆ ಹೋದದ್ದು

ನನ್ನ ಭಾವ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಊರಿನ ಅರ್ಧ ಜನರ ಕಣ್ಣಿಗೆ ಗಾಜು ತೊಡಿಸಿದ ಮನುಷ್ಯ, ತಾನು ಮಾತ್ರ ಮೂಗಿನ ತುದಿಯಿಂದಾಚೆ ಏನನ್ನೂ ಕಂಡವನಲ್ಲ. ಎದುರಿಗೆ ಸಿಕ್ಕಾಗ ನಾನವನಿಗೆ ಬಹುವಚನ ಕೊಡುತ್ತೇನೆ, ಅಕ್ಕನ ಮುಖ ನೋಡಿ. ಮನಸ್ಸಿನೊಳಗಿನ ಏಕವಚನಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಭಾನುವಾರ ಬಂತೆಂದರೆ ಅವನು ಶಟರ್ ಎಳೆದು, ಬಟ್ಟೆಗಿಂತ ಜೇಬೇ ಹೆಚ್ಚಿರುವ ಒಂದು ಜಾಕೀಟು ತೊಟ್ಟು, ರಾಕೆಟ್ ಹಾರಿಸಲು ಹೊರಡುತ್ತಾನೆ. ಬಾಟಲಿಯಲ್ಲಿಟ್ಟು ಬತ್ತಿ ಹಚ್ಚುವ ರಾಕೆಟ್ ಅಲ್ಲ. ಎದೆಯೆತ್ತರದ ರಟ್ಟಿನ ಕೊಳವೆ, ಮೂತಿಗೆ ಪ್ಲಾಸ್ಟಿಕ್ ಟೊಪ್ಪಿಗೆ, ಬಾಲಕ್ಕೆ ಮೂರು ರೆಕ್ಕೆ, ಹೊಟ್ಟೆಯಲ್ಲಿ ಮಡಚಿಟ್ಟ ಪ್ಯಾರಾಶೂಟ್. ಇಂಥ ಕೊಳವೆ ಹಾರಿಸುವ ಗಂಡಸರದೇ ಒಂದು ಕ್ಲಬ್ಬು. ಅದಕ್ಕೊಬ್ಬ ಅಧ್ಯಕ್ಷ, ಹಲ್ಲಿನ ಡಾಕ್ಟರು. ಉಳಿದವರು ಮನೆ ಬ್ರೋಕರು, ಟೈಲ್ಸ್ ಅಂಗಡಿಯವನು, ಇನ್ನೂ ಒಂದಿಬ್ಬರು. ಎಲ್ಲರಿಗೂ ಹೊಟ್ಟೆ ಬಂದಿದೆ, ಎಲ್ಲರ ಕೈಯಲ್ಲೂ ದುಬಾರಿ ವಾಚಿದೆ, ಮನೆಯಲ್ಲಿ ಒಬ್ಬರ ಮಾತನ್ನೂ ಯಾರೂ ಕೇಳುವುದಿಲ್ಲ.

ಆ ಕೊಳವೆಗಳು ನಾನು ಕೆಲಸ ಮಾಡುವ ಕಾರ್ಖಾನೆಯವು. ಬಟ್ಟೆ ಸುತ್ತುವ, ಪ್ಲಾಸ್ಟಿಕ್ ಹಾಳೆ ಸುತ್ತುವ ರಟ್ಟಿನ ಕೊಳವೆ ಮಾಡುತ್ತೇವೆ. ಅಂಟು ಹಚ್ಚಿದ ಕಾಗದದ ಪಟ್ಟಿ ಉಕ್ಕಿನ ಸರಳಿಗೆ ಓರೆಯಾಗಿ ಸುತ್ತಿಕೊಳ್ಳುತ್ತಾ ಬರುತ್ತದೆ, ನಾನು ಈ ತುದಿಯಲ್ಲಿ ನಿಂತು ಕತ್ತರಿಸುತ್ತೇನೆ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹೊಡೆದಾಗಿನಿಂದ ಅದೇ ಕೆಲಸ. ಆ ಲೆಕ್ಕದಲ್ಲಿ ಕ್ಲಬ್ಬಿನವರು ನನಗೆ ‘ಟ್ಯೂಬು’ ಎಂದು ಹೆಸರಿಟ್ಟಿದ್ದಾರೆ. ಟ್ಯೂಬ್‌ಲೈಟಿನ ಟ್ಯೂಬು ಎಂದು ಡಾಕ್ಟರು ಬಿಡಿಸಿ ಹೇಳಿ ನಕ್ಕಿದ್ದರು, ಎಲ್ಲಿ ನನಗೆ ತಿಳಿಯದೇ ಹೋಗುತ್ತದೋ ಎಂದು.

ಇವರಿಗೆ ಹಾರಿಸುವುದಕ್ಕಿಂತ ಹುಡುಕುವುದರಲ್ಲೇ ಹೆಚ್ಚು ಸುಖ. ಹಾರುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಹುಡುಕುವುದು ಮಧ್ಯಾಹ್ನದವರೆಗೂ ನಡೆಯುತ್ತದೆ. ಅದಕ್ಕೆಂದೇ ಟ್ರ್ಯಾಕರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ, ಅದಕ್ಕೊಂದು ಇಲಿಬಾಲದಂಥ ಆಂಟೆನಾ. ಡಬ್ಬಿ ರಾಕೆಟ್ಟಿನ ಮೂತಿಯೊಳಗೆ ಕೂತು ತಾನೆಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಒದರುತ್ತಲೇ ಇರುತ್ತದೆ. ಕೆಳಗೆ ರಿಸೀವರ್ ಹಿಡಿದವನ ಪರದೆಯ ಮೇಲೆ ಅದೆಲ್ಲ ಮೂಡುತ್ತದೆ. ಅಷ್ಟೆಲ್ಲ ಇದ್ದೂ ಇವರು ಮುಳ್ಳುಗಿಡದಲ್ಲಿ ಪ್ಯಾಂಟು ಹರಿದುಕೊಳ್ಳದೆ ಒಂದು ದಿನವೂ ಮನೆಗೆ ಬಂದದ್ದಿಲ್ಲ.

ಇದು ಅವರ ಆಟ, ಆಡಿಕೊಳ್ಳಲಿ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಭಾವ ಅದನ್ನು ನಮ್ಮ ಮನೆಯೊಳಗೆ ತಂದ.

ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ರಿಟೈರಾಗಿ ಎಷ್ಟೋ ಕಾಲವಾಯಿತು, ಅದು ಅವರಿಗೆ ಮರೆತುಹೋಗಿದೆ. ಡ್ಯೂಟಿಗೆ ಹೊತ್ತಾಯಿತು ಎಂದು ಎದ್ದು ಹೊರಡುತ್ತಾರೆ, ವಾಪಸು ಬರುವ ದಾರಿ ತಿಳಿಯುವುದಿಲ್ಲ. ಒಮ್ಮೆ ದೊಡ್ಡ ರಸ್ತೆಯ ನಡುವೆ ನಿಂತು ಲಾರಿಗಳಿಗೆ ಕೈ ತೋರಿಸುತ್ತಿದ್ದವರನ್ನು ನಾನು ಎಳೆದು ತಂದಿದ್ದೆ. ಲಾರಿಯವನೊಬ್ಬ ಗಾಲಿ ಒಂದು ಮೊಳ ದೂರದಲ್ಲಿರುವಾಗ ಬ್ರೇಕ್ ಹಾಕಿದ್ದ. ಆಮೇಲೆ ಅಮ್ಮ ಬಾಗಿಲಿಗೆ ಚಿಲಕ ಹಾಕಿಡತೊಡಗಿದಳು. ಅಪ್ಪ ಚಿಲಕ ಹಿಡಿದು ಜಗ್ಗುತ್ತಾ ಮಗುವಿನಂತೆ ಅಳುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಲಾರಿಯೇ ವಾಸಿ ಎನಿಸುತ್ತಿತ್ತು.

ಆಗ ಬಂದ ಭಾವ, ಎದೆ ಸೆಟೆಸಿಕೊಂಡು. “ಆಕಾಶದಿಂದ ಬಿದ್ದಿದ್ದನ್ನೇ ಹುಡುಕ್ತೀವಿ ಅತ್ತೆ, ನೆಲದ ಮೇಲೆ ನಡೆಯೋ ಮಾವನ್ನ ಹುಡುಕೋಕಾಗಲ್ವಾ?” ಎಂದು ಒಂದು ಟ್ರ್ಯಾಕರನ್ನು ಅಪ್ಪನ ಬೆಲ್ಟಿಗೆ ಸಿಕ್ಕಿಸಿದ. ಅಪ್ಪ ಅದನ್ನು ಡಿಪೋದ ಬ್ಯಾಡ್ಜು ಎಂದುಕೊಂಡು ಬಿಟ್ಟರು, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದರ ರಿಸೀವರನ್ನು ಭಾವ ಅಡಿಗೆಮನೆ ಗೋಡೆಗೆ, ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ. ನಮ್ಮ ಬೀದಿಯ ಮೂಲೆ ದಾಟಿದರೆ ಅದು ಕೂಗುತ್ತದೆ. “ಸದ್ದಿಲ್ಲ ಅಂದ್ರೆ ಮಾವ ಮನೇಲಿದಾರೆ ಅಂತ ಅರ್ಥ. ನೀವು ನೆಮ್ಮದಿಯಾಗಿರಿ.” ನಿಜ ಹೇಳಬೇಕೆಂದರೆ ಅಮ್ಮ ನೆಮ್ಮದಿಯಾಗಿಯೇ ಇದ್ದಳು. ಚಿಲಕ ತೆಗೆದಳು. ಎರಡು ಸಲ ಅದು ಕೂಗಿದಾಗ ಮೂಲೆಗೇ ಹೋಗಿ ಅಪ್ಪನನ್ನು ಕರೆತಂದೆವು. ಅಲ್ಲಿಗೆ ಭಾವ ನಮ್ಮ ಮನೆಯಲ್ಲಿ ವಿಜ್ಞಾನಿಯಾದ.

ಆ ಭಾನುವಾರ ಬೆಳಿಗ್ಗೆ ಅವನು ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ನನ್ನನ್ನು ಕರೆಯಲು ಬಂದ. ಸಾಮಾನು ಹೊರಲು ಆಳು ಬೇಕಲ್ಲ. “ಮಾವನ ಬ್ಯಾಟರಿ ನೋಡಿ ಬರ್ತೀನಿ” ಎಂದು ಒಳಗೆ ಹೋದ, ಬಂದ, ಹೊರಟೆವು.

ಊರಾಚೆ ಕಾರ್ಖಾನೆಗಳಿಗೆಂದು ಅಳೆದು ಬಿಟ್ಟ ಬಯಲಿದೆ. ರಸ್ತೆ ಇದೆ, ಬದಿಗಲ್ಲಿದೆ, ಬಲ್ಬಿಲ್ಲದ ದೀಪದ ಕಂಬಗಳಿವೆ, ಕಾರ್ಖಾನೆ ಒಂದೂ ಇಲ್ಲ. ಅಲ್ಲಿ ಮಡಚುವ ಕುರ್ಚಿ ಹಾಕಿ ಅಕ್ಕ ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟಳು. ಡಾಕ್ಟರು ಕೈಮೈಕಿನಲ್ಲಿ ಹತ್ತರಿಂದ ಒಂದರವರೆಗೆ ಹಿಮ್ಮುಖವಾಗಿ ಎಣಿಸಿದರು. ನಾವು ಇದ್ದದ್ದೇ ಆರೇಳು ಜನ, ಕೈಗೆಟಕುವಷ್ಟು ಹತ್ತಿರದಲ್ಲಿ. ಆದರೂ ಮೈಕು.

ಭಾವನ ರಾಕೆಟ್ ಬುಸ್ಸೆಂದು ಎದ್ದಿತು. ಎಲ್ಲರೂ ಬಾಯಿ ತೆರೆದು ಮೇಲೆ ನೋಡಿದರು. ಚುಕ್ಕೆಯಷ್ಟಾಯಿತು, ಪಟ್ ಎಂದು ಕೆಂಪು ಪ್ಯಾರಾಶೂಟ್ ಬಿಚ್ಚಿಕೊಂಡಿತು, ಗಾಳಿಗೆ ಓರೆಯಾಗಿ ತೇಲತೊಡಗಿತು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಮ್ಮ.

“ಅಪ್ಪ ಮೇಲೆ ಹೋಗ್ಬಿಟ್ರು ಕಣೋ.”

ಈ ಮಾತಿಗೆ ನಮ್ಮಲ್ಲಿ ಇರುವುದು ಒಂದೇ ಅರ್ಥ. ವಯಸ್ಸಾದವರು ಮೇಲೆ ಹೋದರು ಎಂದರೆ ಏಣಿ ಹತ್ತಿ ಅಟ್ಟಕ್ಕೆ ಹೋದರು ಎಂದು ಯಾರೂ ತಿಳಿಯುವುದಿಲ್ಲ. ಬದಿಗಲ್ಲಿನ ಮೇಲೆ ಕುಕ್ಕರಿಸಿದೆ.

“ಏನಾಯ್ತೋ?” ಎಂದಳು ಅಕ್ಕ.

“ಅಪ್ಪ ಹೋದ್ರಂತೆ.”

ಅವಳ ಕೈಯಲ್ಲಿದ್ದ ಲೋಟದ ಚಹಾ ಸೀರೆಯ ಮೇಲೆಲ್ಲ ಚೆಲ್ಲಿತು. ಡಾಕ್ಟರು ಟೋಪಿ ತೆಗೆದರು. “ಛೆ. ವಯಸ್ಸಾಗಿತ್ತು ಬಿಡಿ, ಹೆಚ್ಚು ನರಳಲಿಲ್ಲ,” ಎಂದರು. ಎಂದವರೇ ಟೋಪಿ ಹಾಕಿಕೊಂಡು ಮತ್ತೆ ಕತ್ತೆತ್ತಿದರು, ಪ್ಯಾರಾಶೂಟ್ ಎತ್ತ ಹೋಗುತ್ತಿದೆ ನೋಡಲು.

“ಯಾವಾಗಮ್ಮಾ?” ಎಂದೆ.

“ಈಗ್ಲೇ ಕಣೋ. ಮೊದಲು ಎಂಟ್ನೂರು ಚಿಲ್ಲರೆ ತೋರಿಸ್ತು. ಈಗ ಆರ್ನೂರಕ್ಕೆ ಬಂದಿದಾರೆ. ಇಳೀತಿದಾರೆ ಅನ್ಸುತ್ತೆ.”

“ಏನು ಆರ್ನೂರು?”

“ಮೀಟರು. ಗೋಡೆ ಮೇಲಿನ ಮಶೀನು ಒಂದೇ ಸಮ ಬಡ್ಕೋತಿದೆ. ಎತ್ತರ ಆರ್ನೂರು, ದೂರ ಎಂಟು ಕಿಲೋಮೀಟರು ಅಂತಿದೆ. ಯಾವುದಾದ್ರೂ ದೊಡ್ಡ ಬಿಲ್ಡಿಂಗ್ ಹತ್ತಿದಾರೇನೋ ನಿಮ್ಮಪ್ಪ?”

ನಾನು ಮೇಲೆ ನೋಡಿದೆ. ಅಪ್ಪ ಕೆಂಪು ಪ್ಯಾರಾಶೂಟಿಗೆ ಜೋತುಬಿದ್ದು ನಿಧಾನವಾಗಿ ಇಳಿಯುತ್ತಿದ್ದರು.

“ಅಮ್ಮ, ರೂಮಿಗೆ ಹೋಗಿ ನೋಡು. ಅಪ್ಪ ಇದಾರಾ?”

ಅವಳ ಹೆಜ್ಜೆ ಸದ್ದು, ಬಾಗಿಲು ಕಿರುಗುಟ್ಟಿದ್ದು ಫೋನಿನಲ್ಲಿ ಕೇಳಿಸಿತು. ವಾಪಸು ಬಂದಾಗ ಅವಳ ದನಿಯೇ ಬೇರೆಯಾಗಿತ್ತು. “ಇಲ್ಲ ಕಣೋ. ಚಪ್ಪಲಿನೂ ಇಲ್ಲ. ಬೆಳಿಗ್ಗೆಯಿಂದ ಇದು ಸದ್ದೇ ಮಾಡ್ಲಿಲ್ಲ, ಮಲಗಿದಾರೆ ಅಂದ್ಕೊಂಡಿದ್ದೆ.”

“ಬದುಕಿದಾರೆ, ಮನೇಲಿಲ್ಲ,” ಎಂದು ಅಕ್ಕನಿಗೆ ಹೇಳಿ ಭಾವನ ಬಳಿ ಹೋದೆ. ಒಂದು ಕೈಯಲ್ಲಿ ರಿಸೀವರ್, ಇನ್ನೊಂದರಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ ಹಿಡಿದು ಅವನು ಪರದೆಯಲ್ಲೇ ಮುಳುಗಿದ್ದ.

“ಭಾವ, ಅದ್ರೊಳಗಿರೋದು ಅಪ್ಪನ ಟ್ರ್ಯಾಕರಾ?”

“ತಡಿ, ಇಳೀಲಿ.”

“ಅಪ್ಪನದಾ?”

“ನನ್ನದು ಹೋದ ಸಲ ಬಿದ್ದು ಆಂಟೆನಾ ಕಿತ್ತು ಬಂತಲ್ಲ. ಒಂದು ಬೆಳಿಗ್ಗೆ ಮಟ್ಟಿಗೆ ಮಾವನದ್ದು ಆಫ್ ಮಾಡಿ ತಂದೆ, ಹಾರಿಸೋವಾಗ ಆನ್ ಮಾಡ್ದೆ. ಮಧ್ಯಾಹ್ನ ಹಾಕ್ಬಿಡ್ತೀನಿ.”

“ಅಪ್ಪನ ಸೊಂಟದಲ್ಲಿ ಈಗ ಏನಿದೆ?”

“ಮುರಿದದ್ದು ಹಾಕಿದೀನಿ. ಇಲ್ದಿದ್ರೆ ಬ್ಯಾಡ್ಜೆಲ್ಲಿ ಅಂತ ರಂಪ ಮಾಡ್ತಾರಲ್ಲ. ಏನೂ ಕಳಿಸಲ್ಲ ಅಷ್ಟೆ, ಲೈಟ್ ಮಿಣುಕುತ್ತೆ. ನೋಡೋಕೆ ಒಂದೇ ಥರ.” ಇಷ್ಟು ಹೇಳಿ ಅವನು ನನ್ನ ಮುಖ ನೋಡಿದ, ಶಹಬ್ಬಾಸ್ ಎನ್ನುತ್ತೇನೆಂದು. ಮಾವನ ಮನಸ್ಸು ನೋಯಬಾರದೆಂದು ಎಷ್ಟು ಯೋಚಿಸಿದ್ದೇನೆ ನೋಡು ಎಂಬ ಮುಖ.

ಅಪ್ಪ ಮನೆಯಲ್ಲಿಲ್ಲ, ದೊಡ್ಡ ರಸ್ತೆಗೆ ಹೋಗಿರಬಹುದು, ಕಾರು ತೆಗೆಯಿರಿ ಎಂದೆ. ಅವನು ಒಂದು ಕ್ಷಣ ಗಂಭೀರನಾದ. ಆಮೇಲೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಹಾಗಾದ್ರೆ ಮೊದಲು ಇದನ್ನ ಹುಡುಕ್ಬೇಕು. ಟ್ರ್ಯಾಕರೇ ಇಲ್ದೆ ಮಾವನ್ನ ಹೆಂಗೆ ಹುಡುಕೋದು?”

ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ಇಲ್ಲ. ಡಾಕ್ಟರು ಗಲ್ಲ ಕೆರೆದುಕೊಂಡು “ಪಾಯಿಂಟಿದೆ” ಎಂದರು. ಬ್ರೋಕರೂ ತಲೆಯಾಡಿಸಿದ.

“ಟ್ರ್ಯಾಕರ್ ಇರೋದು ರಾಕೆಟ್ಟಲ್ಲಿ ಭಾವ. ಅದು ಸಿಕ್ಕಿದ್ರೆ ರಾಕೆಟ್ಟೇ ಸಿಗೋದು.”

“ಎಲ್ಲದಕ್ಕೂ ಒಂದು ಸಿಸ್ಟಮ್ ಅಂತಿರುತ್ತೆ ಟ್ಯೂಬು. ಗಾಬರಿ ಬೀಳ್ಬಾರ್ದು.”

ಸಿಸ್ಟಮ್ ಹೊರಟಿತು. ಮುಂದೆ ಭಾವ, ಹಿಂದೆ ಡಾಕ್ಟರು, ಅವರ ಹಿಂದೆ ಬ್ರೋಕರು. ರಾಕೆಟ್ ಬಯಲಿನಾಚೆ ಎಲ್ಲೋ ಮುಳ್ಳುಗಿಡಗಳ ನಡುವೆ ಬಿದ್ದಿತ್ತು. ಪರದೆಯ ಮೇಲೆ ಒಂದು ಬಾಣದ ಗುರುತು, ಅದು ತೋರಿಸಿದತ್ತ ಹೋಗಬೇಕು. ಆದರೆ ಆ ಬಾಣ ಹಿಡಿದವನು ನಡೆಯುತ್ತಿದ್ದರೆ ಮಾತ್ರ ನೆಟ್ಟಗಿರುತ್ತದೆ, ನಿಂತರೆ ಮನಸ್ಸಿಗೆ ಬಂದಂತೆ ತಿರುಗುತ್ತದೆ. ಇದು ಅವರಿಗೂ ಗೊತ್ತು, ಅವರೇ ನನಗೆ ಹೇಳಿದ್ದು. ಗೊತ್ತಿದ್ದೂ ಹತ್ತು ಹೆಜ್ಜೆಗೊಮ್ಮೆ ನಿಂತು, ಪರದೆಯ ಸುತ್ತ ತಲೆ ಸೇರಿಸಿ, ಬಾಣ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಸಭೆ ನಡೆಸುತ್ತಿದ್ದರು. ಸಭೆ ನಡೆದಷ್ಟು ಹೊತ್ತೂ ಬಾಣ ಗಿರಗಿರ ತಿರುಗುತ್ತಿತ್ತು. ಒಬ್ಬ ಎಡ ಎಂದ, ಇನ್ನೊಬ್ಬ ಬಲ ಎಂದ, ಭಾವ ಇಬ್ಬರ ಮಾತಿಗೂ ಬೆಲೆ ಕೊಟ್ಟು ನೇರ ಹೋದ. ಎಲ್ಲೋ ಒಂದು ಲಾರಿ ಬ್ರೇಕ್ ಹಾಕುತ್ತಲೋ ಹಾಕದೆಯೋ ಇರುವ ಹೊತ್ತಿನಲ್ಲಿ ನಾನು ಇವರ ಬೆನ್ನ ಹಿಂದೆ ನಾಯಿಯ ಹಾಗೆ ನಡೆಯುತ್ತಿದ್ದೆ. ಕಾರಿನ ಕೀ ಅವನ ಜೇಬಿನಲ್ಲಿತ್ತು. ಕೇಳಿದರೆ “ನಿಂಗೆಲ್ಲಿದೆ ಲೈಸೆನ್ಸು?” ಎಂದ. ಅಲ್ಲಿಗೆ ಬಸ್ಸಿಲ್ಲ, ಆಟೋ ಇಲ್ಲ. ಅವನ ಕುತ್ತಿಗೆ ಹಿಡಿಯಲು ಕೈ ಎತ್ತಿದ್ದೆ.

ಹಿಂದಿನಿಂದ ಅಕ್ಕ ಬಂದಳು. ಚಪ್ಪಲಿಗೆ ಮುಳ್ಳು ಚುಚ್ಚಿಕೊಂಡಿತ್ತು, ಸೀರೆಯ ಮೇಲಿನ ಚಹಾ ಇನ್ನೂ ಆರಿರಲಿಲ್ಲ. ಮದುವೆಯಾದಾಗಿನಿಂದ ಅಕ್ಕ ಗಂಡನ ಎದುರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಆಗಲೂ ಎತ್ತಲಿಲ್ಲ.

“ರೀ, ಕೀ ಕೊಡಿ.”

“ಎರಡು ನಿಮಿಷ ಕಣೇ. ಇಲ್ಲೇ ಇದೆ ಅಂತಿದೆ.”

“ಕೀ ಕೊಡಿ.”

“ನೀನು ಹೈವೇಲಿ ಓಡ್ಸಿಲ್ಲ. ಹೆದರ್ಕೋತೀಯ.”

“ಹೆದರಿಕೆ ನಿಮಗೆ. ಕಾರಿಗೆ ಗೀರು ಬೀಳುತ್ತೆ ಅಂತ.”

ಅವನ ಎರಡು ಕೈಗಳೂ ತುಂಬಿದ್ದವು. ಆಂಟೆನಾ ಕೆಳಗಿಟ್ಟರೆ ಸಿಗ್ನಲ್ ಹೋಗುತ್ತದೆಂದು ಹಾಗೇ ಕೈ ಎತ್ತಿ ನಿಂತಿದ್ದ, ಪೊಲೀಸರು ಹಿಡಿದ ಕಳ್ಳನಂತೆ. ಅಕ್ಕ ಅವನ ಜೇಬುಗಳನ್ನು ಒಂದೊಂದಾಗಿ ತಡಕಿದಳು. ಸ್ಕ್ರೂಡ್ರೈವರ್ ಬಂತು, ಅಂಟಿನ ಟೇಪು ಬಂತು, ಪೆಪ್ಪರ್‌ಮಿಂಟು ಬಂತು, ಅವನೇ ಬಹಳ ದಿನದಿಂದ ಹುಡುಕುತ್ತಿದ್ದ ಗ್ಯಾಸಿನ ಲೈಟರ್ ಬಂತು. ಒಂದೊಂದನ್ನೂ ಅವಳು ನೆಲಕ್ಕೆ ಹಾಕುತ್ತಾ ಹೋದಳು. ಡಾಕ್ಟರು ಬೇರೆ ಕಡೆ ನೋಡಿದರು. ಕೊನೆಗೆ ಬೆನ್ನಿನ ಮೇಲಿದ್ದ ಒಂದು ಜೇಬಿನಿಂದ ಕೀ ಸಿಕ್ಕಿತು. ಬೆನ್ನಿಗೆ ಜೇಬಿಡುವ ಅಂಗಿಯನ್ನು ಹೊಲಿದವನಾದರೂ ಯಾರೋ.

“ನಾವು ಹೆಂಗೆ ಬರೋದು?” ಎಂದ ಭಾವ.

ಅಕ್ಕ ಆಗಲೇ ನನ್ನ ತೋಳು ಹಿಡಿದು ಕಾರಿನತ್ತ ನಡೆದಿದ್ದಳು.

ಅವಳು ಓಡಿಸಿದಳು, ಸರಿಯಾಗಿಯೇ ಓಡಿಸಿದಳು. ದಾರಿಯುದ್ದಕ್ಕೂ ಇಬ್ಬರಿಗೂ ಬೇರೇನೂ ತೋಚಲಿಲ್ಲ, ರಸ್ತೆಯಲ್ಲಿ ಎಲ್ಲೆಲ್ಲಿ ಜನ ಗುಂಪುಕಟ್ಟಿದ್ದಾರೆ ಎಂದು ನೋಡುವುದೊಂದೇ. ಒಂದು ಕಡೆ ಗುಂಪಿತ್ತು. ಅಕ್ಕ ಕಾರು ನಿಲ್ಲಿಸಿದಳು, ಆದರೆ ಸ್ಟೇರಿಂಗಿನಿಂದ ಕೈ ತೆಗೆಯಲಾಗಲಿಲ್ಲ. “ನೀನೇ ಹೋಗಿ ನೋಡೋ,” ಎಂದಳು. ಇಳಿದು ನೋಡಿದೆ. ರಸ್ತೆಗೆ ಒರಗಿದ್ದ ಹಾಲಿನ ವ್ಯಾನು. ಹಾಲು ಹರಿಯುತ್ತಿತ್ತು, ಜನ ನೋಡುತ್ತಿದ್ದರು.

ಡಿಪೋಗೆ ಹೋದೆವು. ಗೇಟಿನವನು “ಈಚೆಗೆ ಬಂದಿಲ್ಲ” ಎಂದ. ಬಾಗಿಲಲ್ಲೇ ಇರು, ವಾಪಸು ಬಂದರೂ ಬರಬಹುದು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿ, ಕಾರನ್ನು ನಮ್ಮ ಬೀದಿಯ ಮೂಲೆಯಲ್ಲಿ ಬಿಟ್ಟು ನಡೆಯತೊಡಗಿದೆವು. ಬಾಯಿ ಬಿಟ್ಟು ಕೇಳುವುದಕ್ಕೆ ಆಂಟೆನಾ ಬೇಕಿಲ್ಲ. ಮೆಡಿಕಲ್ ಶಾಪಿನವನು ಚೀಟಿ ತಂದಿದ್ದೀರಾ ಎಂದ. ದರ್ಜಿ ಹೊಲಿಗೆ ನಿಲ್ಲಿಸದೆಯೇ ಇಲ್ಲ ಎಂದ. ಸೈಕಲ್ ರಿಪೇರಿಯವನು ಮಾತ್ರ ತಲೆಯೆತ್ತಿದ.

“ನೀಲಿ ಸ್ವೆಟರು, ತೆಳ್ಳಗಿದಾರೆ, ಕೈ ಹಿಂದೆ ಕಟ್ಕೊಂಡು ನಡೀತಾರೆ,” ಎಂದೆ.

“ಸೊಂಟದಲ್ಲಿ ಲೈಟ್ ಮಿಣುಕೋರಾ? ಏನಜ್ಜ, ಇಂಡಿಕೇಟರ್ ಹಾಕಿಸ್ಕೊಂಡಿದೀಯ ಅಂದೆ, ಬೈದ್ಬಿಟ್ಟು ಹೋದ್ರು. ಆ ಕಡೆಗೆ.”

ಕೆಟ್ಟ ಡಬ್ಬಿ ಕೊನೆಗೂ ಕೆಲಸಕ್ಕೆ ಬಂದಿತ್ತು, ಕೈದೀಪದ ಕೆಲಸಕ್ಕೆ. ಅಲ್ಲಿಂದ ಮುಂದೆ ಲೈಟ್ ಮಿಣುಕುವ ಅಜ್ಜ ಎಂದೇ ಕೇಳುತ್ತಾ ಹೋದೆವು. “ಇದನ್ನ ಅವರಿಗೆ ಹೇಳ್ಬೇಡ ಮಾರಾಯ,” ಎಂದಳು ಅಕ್ಕ, “ಇದಕ್ಕೂ ಹೆಸರು ತಗೋತಾರೆ.”

ದೊಡ್ಡ ರಸ್ತೆಗೆ ಇನ್ನೊಂದೇ ತಿರುವಿತ್ತು. ಲಾರಿಗಳ ಸದ್ದು ಕೇಳಿಸುತ್ತಿತ್ತು. ಆ ತಿರುವಿನಲ್ಲಿ ಒಂದು ಕ್ಷೌರದಂಗಡಿ. ಮೂರು ಕುರ್ಚಿ, ಎರಡು ಖಾಲಿ. ಮೂರನೆಯದರಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬ ನೊರೆಯಾಗಿ, ಅಪ್ಪ.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ.

“ನಿಮ್ಮೋರಾ?” ಎಂದ ಕ್ಷೌರದವನು. ದಪ್ಪ ಮನುಷ್ಯ, ಮುಖದಲ್ಲಿ ಬೇಜಾರು ಬೆರೆತಿತ್ತು. “ಬಂದು ಕೂತು ದಾಡಿ ಮಾಡಪ್ಪ ಅಂದ್ರು. ಅರ್ಧ ಆಗ್ತಿದ್ದಂಗೆ ಡ್ಯೂಟಿಗೆ ಹೊತ್ತಾಯ್ತು ಅಂತ ಎದ್ರು. ಮನೆ ಎಲ್ಲಿ ಅಂದ್ರೆ ಆರನೇ ನಂಬರ್ ಬಸ್ ಹೋಯ್ತಾ ಅಂತಾರೆ. ಇನ್ನೇನು ಮಾಡ್ಲಿ, ಇನ್ನೊಂದು ಕಡೆ ಬಾಕಿ ಇದೆ ಯಜಮಾನ್ರೇ ಅಂತ ಕೂರಿಸ್ದೆ. ಅರ್ಧ ಮುಖ ಇಟ್ಕೊಂಡು ಯಾರಾದ್ರೂ ಆಫೀಸಿಗೆ ಹೋಗ್ತಾರಾ? ನೊರೆ ಆರಿದ ಹಾಗೆಲ್ಲ ಮತ್ತೆ ಹಚ್ತಿದೀನಿ. ನನ್ನ ಗಿರಾಕಿ ಎಲ್ಲ ಪಕ್ಕದ ಅಂಗಡಿಗೆ ಹೋದ್ರು.”

ಅಪ್ಪ ಕನ್ನಡಿಯಲ್ಲೇ ನಮ್ಮನ್ನು ನೋಡಿದರು. “ತಡ ಮಾಡ್ಬೇಡಿ, ಕೂತ್ಕೊಳಿ,” ಎಂದರು, ಸರದಿಗೆ ಬಂದವರಿಗೆ ಹೇಳುವಂತೆ. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತಳು. ಅಪ್ಪ ಅವಳನ್ನೇ ನೋಡುತ್ತಿದ್ದು, ಆಮೇಲೆ ನನ್ನತ್ತ ತಿರುಗಿ ದನಿ ತಗ್ಗಿಸಿ ಕೇಳಿದರು:

“ಈ ಹುಡುಗಿಗೆ ಮದುವೆ ಆಗಿದೆಯೇನಪ್ಪ?”

“ಆಗಿದೆ ಅಪ್ಪ,” ಎಂದಳು ಅಕ್ಕನೇ.

“ಗಂಡ ಏನ್ಮಾಡ್ತಾನೆ?”

“ರಾಕೆಟ್ ಹುಡುಕ್ತಾರೆ.”

ಅಪ್ಪ “ಸಂಬಳ ಕೊಡ್ತಾರಾ ಅದಕ್ಕೆ?” ಎಂದರು. ಕ್ಷೌರದವನು ಕತ್ತಿ ಎತ್ತಿ ಹಿಡಿದು ಹಿಂದೆ ಸರಿದ, ನಗು ಬಂದು ಕೈ ಅಲುಗೀತೆಂದು.

ನಾನು ಅಮ್ಮನಿಗೆ ಫೋನು ಮಾಡಿದೆ. ಗಾಯ ಗೀಯ ಆಗಿಲ್ಲ ತಾನೆ ಎಂದು ಮೊದಲು ಕೇಳಿದಳು. ಆಮೇಲೆ “ಆ ಗೋಡೆ ಮೇಲಿಂದನ್ನ ಕಿತ್ತು ಕಸದ ಬುಟ್ಟಿಗೆ ಹಾಕಿದೀನಿ. ನಿಮ್ಮ ಭಾವ ಕೇಳಿದ್ರೆ ನಾನೇ ಹಾಕಿದ್ದು ಅಂತ ಹೇಳು,” ಎಂದಳು.

ಆ ಕಡೆಯ ಕೆನ್ನೆಗೆ ಕತ್ತಿ ತಾಗುವಷ್ಟರಲ್ಲಿ ಅಕ್ಕನಿಗೆ ಫೋನು ಬಂತು. ಭಾವನ ದನಿ ಇಡೀ ಅಂಗಡಿಗೆ ಕೇಳಿಸುವಷ್ಟು ಜೋರಾಗಿತ್ತು.

“ಸಿಕ್ತು ಕಣೇ, ಸಿಕ್ತು. ಒಂದು ಗೀರೂ ಆಗಿಲ್ಲ.”

“ಇಲ್ಲೂ ಸಿಕ್ಕಿದ್ರು,” ಎಂದಳು ಅಕ್ಕ.

“ಯಾರು? ಓ, ಮಾವ. ನೋಡಿದ್ಯಾ, ನಾನು ಹೇಳ್ಲಿಲ್ವಾ ಗಾಬರಿ ಬೀಳ್ಬೇಡಿ ಅಂತ. ಸರಿ, ಕಾರ್ ತಗೊಂಡ್ ಬಾ. ಡಾಕ್ಟ್ರು, ಬ್ರೋಕರು ಎಲ್ಲ ಈಗ ತಾನೆ ಬಂದ ಟೈಲ್ಸ್‌ನವನ ಜೀಪಲ್ಲಿ ಹೋದ್ರು, ಜಾಗ ಇರ್ಲಿಲ್ಲ. ಬಿಸಿಲು ಬೇರೆ.”

ಅಕ್ಕ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದಳು. ಕತ್ತಿ ನೊರೆಯನ್ನು ಎಳೆದುಕೊಂಡು ಗಲ್ಲದತ್ತ ಇಳಿಯುತ್ತಿತ್ತು.

“ಅಪ್ಪನ ದಾಡಿ ಇನ್ನೂ ಮುಗಿದಿಲ್ಲ,” ಎಂದಳು. “ಮುಗಿದ ಮೇಲೆ ಮನೆಗೆ ಕರ್ಕೊಂಡು ಹೋಗಿ ಊಟ ಹಾಕ್ಬೇಕು. ಬಾಗಿಲ ಹತ್ರ ಯಾರು ಮಲಗೋದು ಅಂತ ಮಾತಾಡ್ಬೇಕು. ಇವತ್ತು ನಾನು ಅಲ್ಲೇ ಇರ್ತೀನಿ, ನಾಳೆನೂ ಇರ್ತೀನಿ. ನೀವು ನಡ್ಕೊಂಡು ಬನ್ನಿ.”

“ಎಂಟು ಕಿಲೋಮೀಟರಾ?”

“ಕೈಯಲ್ಲಿ ಮಶೀನಿದೆಯಲ್ಲ. ನಿಲ್ಬೇಡಿ, ನಿಂತ್ರೆ ಬಾಣ ತಿರುಗುತ್ತಂತೆ.”

ಫೋನು ಇಟ್ಟು ಅವಳು ಕ್ಷೌರದವನಿಗೆ ಹೇಳಿದಳು, “ಮೀಸೆ ತೆಗೀಬೇಡಿ. ಅಮ್ಮನಿಗೆ ಇಷ್ಟ.”